ಗಡುವಿಗೆ ಆರು ಗಂಟೆ ಮುಂಚೆ ಬಂದ ಮೇಲ್

ತಪ್ಪು ಮಾಡುವವರು ಕತ್ತಲೆ ಹುಡುಕುತ್ತಾರೆ ಅನ್ನುವುದೆಲ್ಲ ಸುಳ್ಳು. ಅಧ್ಯಕ್ಷೆ ಮಾಡಿದ್ದು ಹಾಡುಹಗಲಲ್ಲಿ, ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ತನ್ನದೇ ಮೇಜಿನ ಮುಂದೆ, ಪಕ್ಕದಲ್ಲಿ ಕಾಫಿ ಲೋಟ ಇಟ್ಟುಕೊಂಡು. ಮಾಡಿದ್ದು ಅನ್ನುವುದಕ್ಕಿಂತ ಮಾಡದೆ ಬಿಟ್ಟದ್ದು ಅನ್ನಬೇಕು. ಒಂದು ಗುಂಡಿ ಒತ್ತಬೇಕಿತ್ತು, ಒತ್ತಲಿಲ್ಲ. ಅಷ್ಟಕ್ಕೇ ಆರು ವಾರ ಉಂಡದ್ದು ಮೈಗೆ ಹತ್ತಲಿಲ್ಲ ಅಂದರೆ ನಂಬುವವರು ನಂಬಿ, ಬಿಡುವವರು ಬಿಡಿ.

ಅವಳು ಯಾವುದರ ಅಧ್ಯಕ್ಷೆ ಅನ್ನುವುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಯಾವುದೋ ದೊಡ್ಡ ಪಕ್ಷದ ಅಧ್ಯಕ್ಷೆ ಅಂದುಕೊಂಡೀರಿ. ಹಾರ ತುರಾಯಿ ಬೀಳುವ ಕೆಲಸವಲ್ಲ ಅದು. ಒಬ್ಬರು ಮಾಡಿದ ಫೋನಿನ ಮಾತು ಇನ್ನೊಬ್ಬರು ಮಾಡಿದ ಯಂತ್ರಕ್ಕೆ ತಿಳಿಯಬೇಕಾದರೆ ಇಬ್ಬರೂ ಒಪ್ಪಿದ ನಿಯಮ ಬೇಕಲ್ಲ, ಅಂಥ ನಿಯಮ ಬರೆಯುವ ಒಂದು ಗುಂಪಿಗೆ ಅವಳು ಅಧ್ಯಕ್ಷೆ. ಆ ನಿಯಮವನ್ನು ಸರ್ಕಾರ ಹೇರುವುದಿಲ್ಲ, ಕಂಪನಿ ಮಾರುವುದಿಲ್ಲ. ಕರಡು ಬರೆದು ಎಲ್ಲರ ಕಣ್ಣ ಮುಂದೆ ಇಡುತ್ತಾರೆ. ಎಂಜಿನಿಯರುಗಳು, ಕಂಪನಿಯವರು, ಸರ್ಕಾರದವರು, ಜನರ ಸಂಘಗಳವರು, ಕೊನೆಗೆ ದಾರಿಯಲ್ಲಿ ಹೋಗುವವರು ಕೂಡ ಬಂದು ಅದರ ಮೇಲೆ ಜಗಳವಾಡಬಹುದು. ಜಗಳ ತಣ್ಣಗಾದ ಮೇಲೆ ಉಳಿದದ್ದು ನಿಯಮ. ಅದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು, ಬಳಸಬಹುದು. 'ನಮ್ಮ ಬಾಗಿಲಿಗೆ ಅಗುಳಿಯೇ ಇಲ್ಲ' ಎಂದು ಅಧ್ಯಕ್ಷೆ ಪ್ರತಿ ಸಭೆಯ ಶುರುವಿನಲ್ಲೂ ಹೇಳುತ್ತಿದ್ದಳು. ಹೇಳುವಾಗ ಹೆಮ್ಮೆಯಿಂದ ಎದೆ ಒಂದು ಅಂಗುಲ ಉಬ್ಬುತ್ತಿತ್ತು.

ಅವಳ ಗುಂಪು ಮೂರು ವರ್ಷದಿಂದ ಕುಟ್ಟುತ್ತಿದ್ದದ್ದು ಒಂದೇ ವಿಷಯ. ಮಾತನಾಡಲಾಗದವರು ಆಪತ್ತು ಬಂದಾಗ ತುರ್ತು ಸಹಾಯದ ನಂಬರಿಗೆ ಬರೆದು ಹೇಳುವುದು ಹೇಗೆ? ಫೋನು ಎತ್ತಿ ಕೂಗಲು ಬಾಯಿ ಇಲ್ಲದವರಿಗೆ ಅಕ್ಷರವೇ ಬಾಯಿ. ಎಲ್ಲ ಚೆನ್ನಾಗಿಯೇ ನಡೆದಿತ್ತು, ಒಂದು ಸಾಲು ಬಿಟ್ಟು. ಬರೆಯುವವರು ಎಷ್ಟು ಹೊತ್ತು ಏನೂ ಬರೆಯದೆ ಇದ್ದರೆ ಲೈನನ್ನು ಕಡಿದು ಇನ್ನೊಬ್ಬರಿಗೆ ಕೊಡಬಹುದು?

ಫೋನ್ ಕಂಪನಿಗಳ ಪರವಾಗಿ ಬರುತ್ತಿದ್ದ ಎಂಜಿನಿಯರ್ ಹದಿನೈದು ಸೆಕೆಂಡು ಎಂದ. ಅಂಗವಿಕಲರ ಸಂಘದ ಕಾರ್ಯದರ್ಶಿ ತೊಂಬತ್ತು ಎಂದಳು. ಸರ್ಕಾರದಿಂದ ಬಂದಿದ್ದ ಅಧಿಕಾರಿ, ನೀವಿಬ್ಬರೂ ಏನಂತೀರೋ ಅದು, ಆದರೆ ಬರವಣಿಗೆಯಲ್ಲಿ ಕೊಡಿ ಎಂದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಹನ್ನೊಂದು ತಿಂಗಳು ಇದೇ ಜಗ್ಗಾಟ. ಈ ನಡುವೆ ಕೆಲವು ಊರುಗಳಲ್ಲಿ ಪ್ರಯೋಗಕ್ಕೆಂದು ಶುರುವಾಗಿದ್ದ ಸೇವೆ ಸದ್ಯಕ್ಕೆ ಮೂವತ್ತು ಸೆಕೆಂಡಿನಲ್ಲಿ ನಡೆಯುತ್ತಿತ್ತು. ಅಷ್ಟರಲ್ಲಿ ಗುಂಪಿನವರು ಅವನಿಗೆ ಹದಿನೈದಪ್ಪ ಎಂದೂ ಅವಳಿಗೆ ತೊಂಬತ್ತಮ್ಮ ಎಂದೂ ಹೆಸರಿಟ್ಟಾಗಿತ್ತು. ಅಧ್ಯಕ್ಷೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಓಲೈಸಿ, ಗದರಿ, ಕೊನೆಗೆ ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಮೂವತ್ತಕ್ಕೆ ತಂದು ನಿಲ್ಲಿಸಿದಳು. ತೊಂಬತ್ತಮ್ಮ ಒಪ್ಪಿದ್ದು ಸೋತು. 'ಮೂವತ್ತು ಸಾಲಲ್ಲ ಅಂತ ನಂಗೊತ್ತು, ಆದ್ರೆ ತೋರ್ಸೋಕೆ ಕೈಯಲ್ಲಿ ಒಂದೂ ಉದಾಹರಣೆ ಇಲ್ವಲ್ರೀ' ಎಂದು ಹೇಳಿ ಕೂತಿದ್ದಳು.

ಆಮೇಲೆ ಕರಡನ್ನು ಕೊನೆಯ ಸಲ ಎಲ್ಲರ ಮುಂದಿಟ್ಟು ಎರಡು ವಾರದ ಗಡುವು ಕೊಟ್ಟರು. ಆಕ್ಷೇಪ ಇದ್ದವರು ಗುಂಪಿನ ಮೇಲಿಂಗ್ ಲಿಸ್ಟಿಗೆ, ಅಂದರೆ ಒಬ್ಬರು ಬರೆದದ್ದು ಎಲ್ಲರಿಗೂ ಹೋಗುವ ವಿಳಾಸಕ್ಕೆ, ಬರೆಯಬೇಕು. ಗುರುವಾರ ಸಂಜೆ ಐದಕ್ಕೆ ಬಾಗಿಲು ಬಂದ್. ಗಡುವಿನೊಳಗೆ ಒಂದೇ ಒಂದು ಆಕ್ಷೇಪ ಬಂದರೂ ಅದಕ್ಕೆ ಸಮಾಧಾನ ಹೇಳದೆ ಮುಂದೆ ಹೋಗುವಂತಿಲ್ಲ. ಗಡುವು ದಾಟಿ ಬಂದರೆ ಮುಂದಿನ ಆವೃತ್ತಿಗೆ, ಅಂದರೆ ಏಳೆಂಟು ವರ್ಷಕ್ಕೆ.

ಲಿಸ್ಟಿಗೆ ಸೇರದ ಹೊರಗಿನವರು ಬರೆದರೆ ಆ ಮೇಲ್ ನೇರವಾಗಿ ಎಲ್ಲರಿಗೂ ಹೋಗುವುದಿಲ್ಲ. ಒಂದು ಸರತಿಯಲ್ಲಿ ನಿಲ್ಲುತ್ತದೆ. ಅಧ್ಯಕ್ಷೆಯೋ ಸಹಾಧ್ಯಕ್ಷರೋ ತೆರೆದು ನೋಡಿ 'ಬಿಡು' ಎಂಬ ಗುಂಡಿ ಒತ್ತಿದರೆ ಒಳಗೆ ಬರುತ್ತದೆ. ಸಹಾಧ್ಯಕ್ಷರು ನಿವೃತ್ತ ಪ್ರಾಧ್ಯಾಪಕರು, ಕರಡಿನಲ್ಲಿ ಒಂದು ಅಲ್ಪವಿರಾಮ ಆಚೀಚೆಯಾದರೆ ಊಟ ಬಿಡುವ ಜಾತಿಯವರು. ಹಾಗಾಗಿ ಅವರ ಹೆಸರೇ ಅಲ್ಪವಿರಾಮ. ಆ ಸರತಿಯ ಕಡೆ ಅವರು ತಲೆ ಹಾಕಿಯೂ ಮಲಗುತ್ತಿರಲಿಲ್ಲ. 'ಅಲ್ಲಿ ಬರೋದೆಲ್ಲ ಕೂದಲೆಣ್ಣೆ ಜಾಹೀರಾತು, ನೀವೇ ನೋಡ್ಕೊಳ್ಳಿ' ಅನ್ನುತ್ತಿದ್ದರು.

ಗುರುವಾರ ಹನ್ನೊಂದಕ್ಕೆ ಅಧ್ಯಕ್ಷೆ ನೋಡಿದಳು. ಎರಡು ಕೂದಲೆಣ್ಣೆ, ಒಂದು ಲಾಟರಿ. ಅವುಗಳ ಕೆಳಗೆ, ಹತ್ತು ಐವತ್ತೆರಡಕ್ಕೆ ಬಂದಿದ್ದ ಒಂದು ಮೇಲ್:

'ಮಾನ್ಯರೇ, ನಾನು ನಿವೃತ್ತ ಬಸ್ ಡ್ರೈವರ್. ಪಾರ್ಶ್ವವಾಯು ಹೊಡೆದ ಮೇಲೆ ಮಾತು ಹೋಯಿತು. ಎಡಗೈಯ ಒಂದು ಬೆರಳಲ್ಲಿ ಬರೆಯುತ್ತೇನೆ. ಹೋದ ವರ್ಷ ನನ್ನ ಹೆಂಡತಿ ಬಚ್ಚಲಲ್ಲಿ ಬಿದ್ದಳು, ಏಳಲಿಲ್ಲ. ನಿಮ್ಮ ಪ್ರಯೋಗದ ಸೇವೆಗೆ ಬರೆದೆ. ಗಾಬರಿಯಾದರೆ ನನ್ನ ಬೆರಳು ಸೆಟೆದು ನಿಲ್ಲುತ್ತದೆ. ಮೂವತ್ತು ಸೆಕೆಂಡಾಯಿತೆಂದು ಮೂರು ಸಲ ಲೈನು ಹೋಯಿತು. ಕೊನೆಗೆ ತಟ್ಟೆಯಿಂದ ಗೋಡೆ ಬಡಿದೆ, ಪಕ್ಕದ ಮನೆಯವರು ಬಂದರು. ತಡವಾದದ್ದಕ್ಕೆ ಅವಳ ಕಾಲು ಸರಿಹೋಗಲಿಲ್ಲ, ಕುಂಟುತ್ತಾಳೆ. ದಯವಿಟ್ಟು ಮೂವತ್ತು ತೆಗೆಯಿರಿ. ಇದನ್ನು ಬರೆಯಲು ನಾಲ್ಕು ದಿನ ಹಿಡಿಯಿತು.'

ಅಧ್ಯಕ್ಷೆ ಓದಿದಳು. ಅರ್ಥವಾಗಲಿಲ್ಲ ಅನ್ನುವ ಹಾಗಿಲ್ಲ, ಪೂರ್ತಿ ಅರ್ಥವಾಯಿತು. ಮೂರು ವರ್ಷದಲ್ಲಿ ಬಂದ ಸಾವಿರದ ಚಿಲ್ಲರೆ ಮೇಲ್‌ಗಳಲ್ಲಿ ನಿಜವಾಗಿ ಒಬ್ಬ ಮನುಷ್ಯನಿಗೆ ಆದದ್ದನ್ನು ಹೇಳಿದ ಮೇಲ್ ಅದೊಂದೇ. ಅರ್ಥವಾದದ್ದಕ್ಕೇ ಕೈ ತಡೆಯಿತು. ಇದು ಒಳಗೆ ಬಂದರೆ ತೊಂಬತ್ತಮ್ಮ ಮತ್ತೆ ಎದ್ದು ನಿಲ್ಲುತ್ತಾಳೆ. ಅವಳು ಎದ್ದರೆ ಹದಿನೈದಪ್ಪ ಮೂವತ್ತನ್ನೂ ಬಿಟ್ಟು ಹಿಂದಕ್ಕೆ ಹೋಗುತ್ತಾನೆ. ಮತ್ತೆ ಹನ್ನೊಂದು ತಿಂಗಳು. ಅಥವಾ ಎಲ್ಲವೂ ಮುರಿದು ಬಿದ್ದು ನಿಯಮವೇ ಇಲ್ಲ. ಏನೂ ಇಲ್ಲದ್ದಕ್ಕಿಂತ ಮೂವತ್ತು ವಾಸಿಯಲ್ಲವೇ? ಹೀಗೆ ತನಗೆ ತಾನೇ ವಕೀಲಿ ಮಾಡಿಕೊಂಡಳು. ಊಟ ಆದ ಮೇಲೆ ನೋಡೋಣ ಅಂದುಕೊಂಡಳು.

ಊಟವಾದ ಮೇಲೆ ಒಂದು ಮೀಟಿಂಗ್ ಇತ್ತು. ಮೀಟಿಂಗ್ ಆದ ಮೇಲೆ ಬೇಡದ ಕಡತಗಳನ್ನೆಲ್ಲ ಒಪ್ಪವಾಗಿ ಜೋಡಿಸಿದಳು. ನಾಲ್ಕೂವರೆಗೆ ಕಪಾಟಿನ ಮೇಲಿನ ಧೂಳು ಕೂಡ ಒರೆಸಿದಳು ಅಂದರೆ ಉಳಿದದ್ದು ನೀವೇ ಊಹಿಸಿ. ಐದು ಗಂಟೆ ಎರಡು ನಿಮಿಷಕ್ಕೆ ಅಲ್ಪವಿರಾಮ ಲಿಸ್ಟಿಗೆ ಒಂದು ಸಾಲು ಬರೆದರು: 'ಗಡುವು ಮುಗಿಯಿತು, ಆಕ್ಷೇಪಗಳಿಲ್ಲ.' ಎಲ್ಲರೂ ಅಭಿನಂದನೆ ಕಳಿಸಿದರು. ಹದಿನೈದಪ್ಪ ಚಪ್ಪಾಳೆಯ ಚಿತ್ರ ಕಳಿಸಿದ.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಅಧ್ಯಕ್ಷೆ ಗುಂಡಿ ಒತ್ತಿದಳು. ಅವರ ಸಾಫ್ಟ್‌ವೇರ್ ಮುತ್ತಜ್ಜನ ಕಾಲದ್ದು. ಒಳಗೆ ಬಿಟ್ಟ ಹೊತ್ತನ್ನೇ ಬಂದ ಹೊತ್ತು ಎಂದು ದಾಖಲೆಗೆ ಹಾಕುತ್ತಿತ್ತು, ಸರತಿಯಲ್ಲಿದ್ದ ಗುರುತು ಅಳಿಸಿಹೋಗುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೂತು ಉತ್ತರ ಬರೆದಳು: 'ನಿಮ್ಮ ಅನುಭವ ಹಂಚಿಕೊಂಡದ್ದಕ್ಕೆ ಧನ್ಯವಾದ. ಗಡುವು ಮುಗಿದ ನಂತರ ಬಂದಿರುವುದರಿಂದ ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸಲಾಗುವುದು.' ನಯವಾದ ಉತ್ತರ. ಎರಡನೇ ವಾಕ್ಯ ಸುಳ್ಳು. ಲಿಸ್ಟಿನಲ್ಲಿದ್ದ ಅಷ್ಟೂ ಜನ ಅದನ್ನು ಓದಿದರು, ಒಬ್ಬರಿಗೂ ಅನುಮಾನ ಬರಲಿಲ್ಲ. ತೊಂಬತ್ತಮ್ಮ ಕೂಡ ಒಂದು ದಿನ ಮುಂಚೆ ಬರಬಾರದಿತ್ತೇ ಎಂದು ಹಲುಬಿ ಗಡುವಿಗೆ ತಲೆಬಾಗಿದಳು.

ಅಂದಿನಿಂದ ಅವಳಿಗೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಸ್ಥಿತಿ, ಉಗುಳಲೂ ಆಗದು, ನುಂಗಲೂ ಆಗದು. ಬಸ್ಸು ಹತ್ತಿದರೆ ಡ್ರೈವರ್ ಕೈ ಕಣ್ಣಿಗೆ ಬೀಳುತ್ತಿತ್ತು. ಬಚ್ಚಲಿಗೆ ಹೋದರೆ ಒದ್ದೆ ನೆಲ ಕಾಣುತ್ತಿತ್ತು. ಮನೆಯಲ್ಲಿ ಗಂಡ ಊರೂರು ಸುತ್ತುವ ಕೆಲಸದವನು, ತಿಂಗಳಲ್ಲಿ ಎಂಟು ದಿನ ಸಿಕ್ಕರೆ ಪುಣ್ಯ. ಇದ್ದದ್ದು ಅತ್ತೆ. ಅತ್ತೆ ಅಂಚೆ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದವರು. ಲಕೋಟೆ ಮುಟ್ಟಿದರೆ ಒಳಗೆ ಮದುವೆಯೋ ಸಾವೋ ಹೇಳುತ್ತಿದ್ದರಂತೆ. ಸೊಸೆಯ ಮುಖ ಓದುವುದು ಅವರಿಗೆ ಎಷ್ಟರ ಕೆಲಸ?

ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಒಣಗಿದ ಬಟ್ಟೆ ಮಡಿಚುತ್ತಾ ಕೂತಿದ್ದರು.

"ಅತ್ತೆ, ಒಂದ್ ಮಾತು. ನಮ್ಮ ಗುಂಪಲ್ಲಿ ಯಾರೋ ಒಬ್ರು..." ಎಂದು ಶುರುಮಾಡಿದಳು ಅಧ್ಯಕ್ಷೆ.

"ಯಾರೋ ಒಬ್ರ ಕತೆ ಹೇಳೋಕೆ ನಿನ್ ಮುಖ ಯಾಕಮ್ಮ ಹೀಗೆ ಬತ್ತಿದೆ? ಹೇಳು ಹೇಳು."

ಅವಳು ಹೇಳಿದಳು. ಹೆಸರು ಬಿಟ್ಟು, ತಾನು ಎನ್ನುವುದನ್ನು ಬಿಟ್ಟು, ಎಲ್ಲವನ್ನೂ ಹೇಳಿದಳು. ಅತ್ತೆ ಒಂದು ದಿಂಬಿನ ಚೀಲವನ್ನು ತೊಡೆಯ ಮೇಲಿಟ್ಟು ಕೇಳಿಸಿಕೊಂಡರು.

"ನಮ್ಮ ಅಂಚೇಲಿ ಚೀಲ ಕಟ್ಟೋಕೆ ಮುಂಚೆ ಬಂದ ಕಾಗದ ಚೀಲಕ್ಕೆ ಹೋಗ್ಬೇಕು. ಕಟ್ಟಿದ ಮೇಲೆ ಬಂದದ್ದು ನಾಳೆಗೆ. ಮುಂಚೆ ಬಂದದ್ದನ್ನ ಮೇಜಿನ ಕೆಳಗೆ ಇಟ್ಕೊಂಡು, ಮಾರನೇ ದಿನ ತಡವಾಗಿ ಬಂತು ಅಂತ ಮುದ್ರೆ ಒತ್ತಿದ್ರೆ ಅದಕ್ಕೆ ಒಂದೇ ಹೆಸರು."

"ಏನು?"

"ಕಳ್ಳತನ."

"ಕದ್ದಿಲ್ಲ ಅತ್ತೆ, ಮಾರನೇ ದಿನ ಕಳಿಸಿದಾರಲ್ಲ."

"ಕಾಗದ ಕಳಿಸಿದ್ರು. ಹೊತ್ತು ಕದ್ರು," ಎಂದರು ಅತ್ತೆ. "ಬರೆದ ಮನುಷ್ಯ ಪಾಪ, ತನ್ದೇ ತಪ್ಪು ಅಂತ ಕೂತಿರುತ್ತೆ. ಆ ಯಾರೋ ಒಬ್ರಿಗೆ ಹೇಳು, ಬಾಯಿ ಬಿಟ್ಟು ಹೇಳ್ಬಿಡೋಕೆ. ಹೊಟ್ಟೆಯಲ್ಲಿಟ್ಟುಕೊಂಡ್ರೆ ಅದು ಹೊಟ್ಟೆಯನ್ನೇ ತಿನ್ನುತ್ತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೊಸೆ ಮಡಿಚಿಟ್ಟ ಟವೆಲನ್ನೇ ಮತ್ತೆ ಬಿಚ್ಚಿ ಮಡಿಚುತ್ತಿದ್ದಳು. ಅತ್ತೆ ಅದನ್ನು ನೋಡಿದರು, ನೋಡಿಯೂ ನೋಡದ ಹಾಗೆ ಎದ್ದು ಒಳಗೆ ಹೋದರು.

ಆ ಸಂಜೆ ಅವಳು ಲಿಸ್ಟಿಗೆ ತಪ್ಪೊಪ್ಪಿಗೆ ಬರೆದಳು. ಅಳಿಸಿದಳು. ಮರುದಿನ 'ಕಣ್ತಪ್ಪಿನಿಂದ' ಎಂಬ ಪದ ಸೇರಿಸಿ ಬರೆದಳು. ಅದೂ ಸುಳ್ಳಾಯಿತಲ್ಲ ಎಂದು ಅದನ್ನೂ ಅಳಿಸಿದಳು. ಹೀಗೆ ದಿನ ದೂಡುತ್ತಾ ಕೊನೆಯ ಸಭೆಯ ದಿನ ಬಂದೇಬಿಟ್ಟಿತು.

ಸಭೆ ನಡೆದದ್ದು ಬಾಡಿಗೆಯ ದೊಡ್ಡ ಹಾಲಿನಲ್ಲಿ. ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ, ನಡುವಿನ ದಾರಿಯಲ್ಲಿ ಎರಡು ಮೈಕು, ಮೂಳೆಗೆ ನಾಟುವ ಎ.ಸಿ. ಬಾಗಿಲಲ್ಲಿ ಹೆಸರು ಬರೆಸಿದರೆ ಕೊರಳಿಗೊಂದು ಬಿಲ್ಲೆ ಕೊಡುತ್ತಾರೆ. ಅದರಲ್ಲಿ 'ಸಂಸ್ಥೆ' ಎಂದು ಒಂದು ಜಾಗವಿರುತ್ತದೆ. ಸಭೆಗೆ ಮುಂಚಿನ ಚಹಾದ ಹೊತ್ತಿಗೆ ಅಧ್ಯಕ್ಷೆ ಕಪ್ಪು ಹಿಡಿದು ಗೋಡೆಗೆ ಒರಗಿ ನಿಂತಿದ್ದಾಗ ಒಬ್ಬ ಹೆಂಗಸು ಕುಂಟುತ್ತಾ ಎದುರಿಗೆ ಬಂದಳು. ಅವಳ ಬಿಲ್ಲೆಯಲ್ಲಿ 'ಸಂಸ್ಥೆ: ಮನೆ' ಎಂದಿತ್ತು. ಅವಳ ಹಿಂದೆ ಇಸ್ತ್ರಿ ಹಾಕಿದ ಅಂಗಿಯ ಎತ್ತರದ ಮುದುಕ. ಅವನದರಲ್ಲಿ 'ಸಂಸ್ಥೆ: ಬಸ್ಸು'.

ಅಧ್ಯಕ್ಷೆಯ ಕೈಯಲ್ಲಿದ್ದ ಚಹಾ ತುಳುಕಿ ಸೀರೆಯ ಮೇಲೆ ಬಿತ್ತು.

"ನೀವೇ ಅಲ್ವಾ ಮೇಡಂ ಅಧ್ಯಕ್ಷರು? ಅಯ್ಯೋ, ಸೀರೆ! ಇರ್ಲಿ ಬಿಡಿ, ಚಹಾ ಕಲೆ ಬೇಗ ತೊಳೀರಿ," ಎಂದಳು ಆ ಹೆಂಗಸು ಒಂದೇ ಉಸಿರಿಗೆ. "ಇವ್ರು ನಮ್ಮನೆಯವರು. ಮೇಲ್ ಬರೆದಿದ್ರಲ್ಲ, ಬಚ್ಚಲಲ್ಲಿ ಬಿದ್ದದ್ದು, ಅದು ನಾನೇ. ನಿಮ್ಮನ್ನ ನೋಡಿ ಥ್ಯಾಂಕ್ಸ್ ಹೇಳ್ಬೇಕು ಅಂತ ಹಠ ಹಿಡಿದು ಕರ್ಕೊಂಡು ಬಂದ್ರು. ಎರಡು ಬಸ್ಸು, ಒಂದು ರೈಲು."

"ಥ್ಯಾಂಕ್ಸ್ ಯಾಕೆ?" ಎಂದಳು ಅಧ್ಯಕ್ಷೆ.

"ಯಾಕೆ ಅಂತೀರಲ್ಲ! ತಡವಾಗಿ ಬಂದದ್ದನ್ನ ಬೇರೆ ಯಾರಾದ್ರೂ ಆಗಿದ್ರೆ ಕಸದ ಬುಟ್ಟಿಗೆ ಹಾಕ್ತಿದ್ರು. ನೀವು ಒಳಗೆ ಬಿಟ್ರಿ, ಉತ್ತರಾನೂ ಬರೆದ್ರಿ. ಪ್ರಿಂಟ್ ತೆಗೆಸಿ ಇಟ್ಕೊಂಡಿದಾರೆ."

ಡ್ರೈವರ್ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಬಿಚ್ಚಿ ತೋರಿಸಿದ. ಆ ಎರಡು ವಾಕ್ಯಗಳೇ. ಅಧ್ಯಕ್ಷೆ ಕಣ್ಣು ಬೇರೆ ಕಡೆ ತಿರುಗಿಸಿದಳು.

"ತಪ್ಪೆಲ್ಲ ನಮ್ದೇ ಮೇಡಂ," ಎಂದು ಹೆಂಗಸು ಮುಂದುವರಿಸಿದಳು. "ನಾನು ಬಡ್ಕೊಂಡೆ, ನೀವು ಸನ್ನೆ ಮಾಡಿ, ನಾನು ಬರೀತೀನಿ, ಹತ್ತು ನಿಮಿಷದ ಕೆಲಸ ಅಂತ. ಇಲ್ಲ, ತಾನೇ ಬರೀಬೇಕು. ಮೂವತ್ತೊಂದು ವರ್ಷ ಬಸ್ ಓಡ್ಸಿ ಒಂದು ದಿನ ಲೇಟ್ ಮಾಡ್ದೋರಲ್ಲ, ಇದಕ್ಕೆ ಲೇಟ್ ಮಾಡ್ಕೊಂಡ್ರು ನೋಡಿ. ಅದ್ರಲ್ಲೂ ನಾನು ಗುರುವಾರವೇ ಕಳಿಸ್ದೆ ಅಂತ ವಾದ! ಫೋನಲ್ಲೇನೋ ಗುರುವಾರ ಅಂತಾನೇ ಇದೆ, ಆದ್ರೆ ಆ ಡಬ್ಬಾ ಫೋನು ಎಷ್ಟೋ ಸಲ ತಾರೀಖು ತಪ್ಪು ತೋರ್ಸುತ್ತೆ. ನಿಮ್ಮ ದಾಖಲೆಯಲ್ಲಿ ಶುಕ್ರವಾರ ಅಂತಿದೆ. ನಿಮ್ಮಂಥೋರ ದಾಖಲೆ ಸುಳ್ಳು ಹೇಳುತ್ತಾ?"

ಅಧ್ಯಕ್ಷೆ ಸೆರಗಿನ ತುದಿಯಿಂದ ಚಹಾದ ಕಲೆ ಒರೆಸತೊಡಗಿದಳು.

"ಆಮೇಲೆ ನಂಗೆ ಭಯ ಆಯ್ತು," ಹೆಂಗಸಿನ ದನಿ ತಗ್ಗಿತು. "ಕೈ ಹೋಯ್ತು, ಮಾತು ಹೋಯ್ತು, ಈಗ ದಿನಗಳೂ ಕಲಸಿಹೋಗ್ತಿವೆಯಾ ಅಂತ. ಡಾಕ್ಟರ ಹತ್ರ ಕರ್ಕೊಂಡು ಹೋದೆ. ಇವತ್ತು ಯಾವ ವಾರ, ನೂರರಿಂದ ಹಿಂದಕ್ಕೆ ಎಣಿಸಿ, ಅಂತೆಲ್ಲ ಬರೆಸಿ ಪರೀಕ್ಷೆ ಮಾಡಿದ್ರು. ಅವತ್ತಿಂದ ಇವ್ರು ಫೋನ್ ಮುಟ್ಟಿಲ್ಲ. ನನ್ನ ತಲೆ ನಂಬೋ ಹಾಗಿಲ್ಲ ಅಂತ ಸನ್ನೆ ಮಾಡ್ತಾರೆ. ಎಲ್ಲ ನಾನೇ ಬರ್ಕೊಡ್ತೀನಿ ಈಗ."

ಡ್ರೈವರ್ ನಕ್ಕ. ಅರ್ಧ ಮುಖದ ನಗು. ತನ್ನ ತಲೆಯನ್ನು ಬೆರಳಿಂದ ತಟ್ಟಿ ತೋರಿಸಿ, ಕೈಯಾಡಿಸಿ, ಹೋಗಲಿ ಬಿಡಿ ಅನ್ನುವ ಹಾಗೆ ಮಾಡಿದ. ಅಷ್ಟರಲ್ಲಿ ಗಂಟೆ ಹೊಡೆಯಿತು, ಎಲ್ಲರೂ ಹಾಲಿನೊಳಗೆ ನುಗ್ಗಿದರು. ಅಧ್ಯಕ್ಷೆ 'ಬನ್ನಿ, ಕೂತ್ಕೊಳ್ಳಿ' ಎಂದಷ್ಟೇ ಹೇಳಿ, ಕಾಲು ಎಳೆದುಕೊಂಡು ವೇದಿಕೆಗೆ ಹೋದಳು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಛೀ, ಅಲ್ಲೂ ಬಾಯಿ ಬಿಡಲಿಲ್ಲವಲ್ಲ ಎಂದು ಮೆಟ್ಟಿಲು ಮೆಟ್ಟಿಲಿಗೂ ತನ್ನನ್ನೇ ಶಪಿಸಿಕೊಂಡಳು. ಆ ದಿನ ಬಾಗಿಲು ಅಗುಳಿಯ ಮಾತನ್ನೂ ಆಡಲಿಲ್ಲ.

ಈ ಗುಂಪುಗಳಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಕೈ ಎತ್ತಿಸಿ ಎಣಿಸುವುದಿಲ್ಲ. ಎಣಿಸಿದರೆ ಹೆಚ್ಚು ಜನರನ್ನು ಕಳಿಸಿದ ಕಂಪನಿಯೇ ಗೆದ್ದುಬಿಡುತ್ತದೆ. ಅದಕ್ಕೆ ಬದಲು ತುಟಿ ಮುಚ್ಚಿ 'ಹೂಂ' ಎಂದು ಗುನುಗಬೇಕು. ಮೊದಲು ಪರವಾಗಿರುವವರು, ಆಮೇಲೆ ವಿರೋಧ ಇರುವವರು. ಯಾರು ಗುನುಗಿದರು ಅನ್ನುವುದು ಗೊತ್ತಾಗುವುದಿಲ್ಲ, ಎಷ್ಟು ಗಟ್ಟಿ ಅನ್ನುವುದು ಗೊತ್ತಾಗುತ್ತದೆ. ಅಧ್ಯಕ್ಷೆ ಕಿವಿಗೊಟ್ಟು ಕೇಳಿ ತೀರ್ಪು ಹೇಳಬೇಕು. ಹೊಸಬರು ಮೊದಲ ಸಲ ಕಂಡಾಗ ಮುಸಿಮುಸಿ ನಗುತ್ತಾರೆ.

"ಕರಡು ಹೀಗೇ ಹೊರಡಲಿ ಅನ್ನುವವರು ಗುನುಗಿ," ಎಂದಳು ಅಧ್ಯಕ್ಷೆ.

ಇಡೀ ಸಭೆ ಜೇನುಗೂಡಿನ ಹಾಗೆ ಮೊರೆಯಿತು.

"ಬೇಡ ಅನ್ನುವವರು."

ಎ.ಸಿ.ಯ ಸದ್ದು ಬಿಟ್ಟು ಏನೂ ಇಲ್ಲ. ಅಲ್ಪವಿರಾಮ ಪೆನ್ನು ಎತ್ತಿದರು. ಆಗ ಹಿಂದಿನ ಸಾಲಿನಿಂದ ಒಂದು ಸದ್ದು ಬಂತು. ಒಡಕು ದನಿ, ಅರ್ಧಕ್ಕೆ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಶುರುವಾಯಿತು. ಎಲ್ಲರೂ ತಿರುಗಿ ನೋಡಿದರು. ಡ್ರೈವರ್ ಬೆನ್ನು ನೆಟ್ಟಗೆ ಮಾಡಿ ಕೂತು, ಕಣ್ಣು ಮುಚ್ಚಿ ಗುನುಗುತ್ತಿದ್ದ. ಮೇಲ್ ಬರೆದವನು ಇವನೇ ಎಂದು ಎಲ್ಲರಿಗೂ ಹೊಳೆಯಿತು, ಯಾರೂ ನಗಲಿಲ್ಲ.

ಹದಿನೈದಪ್ಪ ಮೈಕಿಗೆ ಹೋದ. ಕೆಟ್ಟವನಲ್ಲ ಅವನು, ನಿಯಮದ ಮನುಷ್ಯ. "ಅವರ ಬಗ್ಗೆ ಗೌರವ ಇದೆ. ಆದರೆ ಆ ಆಕ್ಷೇಪ ಗಡುವು ದಾಟಿ ಬಂದದ್ದು, ದಾಖಲೆಯಲ್ಲಿದೆ. ಅದನ್ನು ಈಗ ಲೆಕ್ಕಕ್ಕೆ ತಗೊಂಡ್ರೆ ನಾಳೆ ಯಾವ ಗಡುವಿಗೂ ಬೆಲೆ ಇರಲ್ಲ. ಮುಂದುವರಿಸಿ ಮೇಡಂ."

ಅಲ್ಪವಿರಾಮ ಅವಳತ್ತ ತಿರುಗಿದರು. "ದಾಖಲೆಗೆ ಏನು ಬರೀಲಿ?"

ಹಿಂದಿನ ಸಾಲಿನಲ್ಲಿ ಹೆಂಡತಿ ಗಂಡನ ಭುಜದ ಮೇಲೆ ಕೈಯಿಟ್ಟು ಏನೋ ಸಮಾಧಾನ ಹೇಳುತ್ತಿದ್ದಳು. ಹೋಗ್ಲಿ ಬಿಡಿ, ಲೇಟಾಯ್ತಲ್ಲ, ಅಂತಲೇ ಇರಬೇಕು. ಡ್ರೈವರ್ ತಲೆಯಾಡಿಸಿ ಒಪ್ಪಿಕೊಳ್ಳುತ್ತಿದ್ದ. ಆ ಒಪ್ಪಿಗೆಯನ್ನು ನೋಡಲು ಅವಳಿಂದ ಆಗಲಿಲ್ಲ.

"ಆ ಮೇಲ್ ಗುರುವಾರ ಹತ್ತು ಐವತ್ತೆರಡಕ್ಕೆ ಬಂತು ಅಂತ ಬರೀರಿ. ಗಡುವಿಗೆ ಆರು ಗಂಟೆ ಮುಂಚೆ," ಎಂದಳು.

"ದಾಖಲೆಯಲ್ಲಿ ಶುಕ್ರವಾರ..."

"ನಾನು ತಡೆದಿಟ್ಟೆ. ಶುಕ್ರವಾರ ಬಿಟ್ಟೆ."

ಅಲ್ಪವಿರಾಮ ಒಳ್ಳೆಯವರು. ಹದಿನಾರು ವರ್ಷದ ಪರಿಚಯ. ಮೆತ್ತಗೆ ಒಂದು ದಾರಿ ತೋರಿಸಿದರು. "ಕೆಲಸದ ಒತ್ತಡ ಇತ್ತು ಪಾಪ. ಮರೆತು, ಅಂತ ಬರೀಲಾ?"

"ಮರೆತಿರ್ಲಿಲ್ಲ. ಓದಿದ್ದೆ. ಅರ್ಥಾನೂ ಆಗಿತ್ತು. ಮೂವತ್ತು ಮುರಿದುಬೀಳುತ್ತೆ ಅಂತ ಬೇಕಂತಲೇ ತಡೆದೆ. ಹಾಗೇ ಬರೀರಿ."

ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಹದಿನೈದಪ್ಪ ಎರಡೂ ಕೈ ತಲೆಯ ಮೇಲಿಟ್ಟುಕೊಂಡು, "ಮೂರು ವರ್ಷ ಮೇಡಂ! ಮೂರು ವರ್ಷ!" ಎಂದ. ಸರ್ಕಾರದ ಅಧಿಕಾರಿ ಬರವಣಿಗೆಯಲ್ಲಿ ಕೊಡಿ ಎಂದ. ತೊಂಬತ್ತಮ್ಮ ಕೂಗಾಡಲಿಲ್ಲ. ಮೈಕಿನ ಹತ್ತಿರವೂ ಹೋಗಲಿಲ್ಲ. ಕೂತಲ್ಲಿಂದಲೇ, "ಇಂಥ ಒಂದು ಕಾಗದ ಇಲ್ಲ ಅಂತಲ್ವೇನ್ರೀ ನಾನು ಸೋತು ಕೂತದ್ದು? ನಿಮ್ಮ ಮುಂದೇನೇ ಹೇಳಿದ್ನಲ್ಲ," ಎಂದಳು. ಅಧ್ಯಕ್ಷೆ ತಲೆ ತಗ್ಗಿಸಿದಳು.

ನಿಯಮ ಸ್ಪಷ್ಟವಿತ್ತು. ಸಮಯಕ್ಕೆ ಬಂದ ಆಕ್ಷೇಪಕ್ಕೆ ಉತ್ತರ ಕೊಡದೆ ಕರಡು ಹೊರಡುವಂತಿಲ್ಲ. ಮೂವತ್ತರ ಸಾಲು ಮತ್ತೆ ಚರ್ಚೆಗೆ ಬಂತು. ಚರ್ಚೆ ನಡೆಸುವ ಹಕ್ಕು ತನಗಿಲ್ಲವೆಂದು ಅವಳು ಅಧ್ಯಕ್ಷರ ಜಾಗವನ್ನು ಅಲ್ಪವಿರಾಮರಿಗೆ ಬಿಟ್ಟು ಕೆಳಗಿಳಿದಳು. ಅವರು ಬೇಡ ಅನ್ನಲಿಲ್ಲ. ಹತ್ತು ನಿಮಿಷ ವಿರಾಮ ಎಂದು ಸಾರಿದರು.

ನಡುವಿನ ದಾರಿಯಲ್ಲಿ ಜನ ಸರಿದು ಅವಳಿಗೆ ದಾರಿ ಬಿಟ್ಟರು. ಗೌರವಕ್ಕಲ್ಲ. ಹಿಂದಿನ ಸಾಲಿಗೆ ಹೋಗಿ ಆ ಹೆಂಗಸಿನ ಮುಂದೆ ನಿಂತಳು. ಬೆಳಿಗ್ಗೆ ಚಹಾ ಚೆಲ್ಲಿದ ಸೀರೆಗೆ ಅಯ್ಯೋ ಎಂದಿದ್ದ ಮುಖದಲ್ಲಿ ಈಗ ಒಂದು ಹನಿ ಮರುಕವೂ ಇರಲಿಲ್ಲ.

"ಆರು ವಾರ ಬೈದೆನಲ್ರೀ ಇವ್ರನ್ನ," ಎಂದಳು ಆ ಹೆಂಗಸು. "ಎದ್ದಾಗ ಬೈದೆ, ಕೂತಾಗ ಬೈದೆ. 'ನಿಮ್ಗೆ ತಲೆ ಕೆಟ್ಟಿದೆ' ಅಂತ ಮುಖದ ಮೇಲೇ ಅಂದೆ. ಡಾಕ್ಟರ ಮುಂದೆ ಕೂರ್ಸಿ ವಾರದ ಹೆಸರು ಬರೆಸ್ದೆ. ನಿಮ್ಮ ಸುಳ್ಳನ್ನ ನನ್ನ ಬಾಯಲ್ಲಿ ಆಡಿಸಿದ್ರಲ್ಲ!"

"ತಪ್ಪಾಯ್ತಮ್ಮ," ಎಂದಳು ಅಧ್ಯಕ್ಷೆ. ಕಣ್ಣು ತುಂಬಿ ಬಂತು. "ದೊಡ್ಡ ತಪ್ಪಾಯ್ತು."

"ನಂಗ್ಯಾಕೆ ಹೇಳ್ತೀರಿ? ಅವ್ರಿಗೆ ಹೇಳಿ. ಬಾಯಿ ಹೋಗಿದೆ ಅಷ್ಟೇ, ಕಿವಿ ಚೆನ್ನಾಗೇ ಇದೆ."

ಆಗ ಅವಳಿಗೆ ಹೊಳೆಯಿತು, ಬೆಳಿಗ್ಗೆಯಿಂದ ಆ ಮನುಷ್ಯನ ಜೊತೆ ತಾನು ಒಂದು ಮಾತೂ ಆಡಿಲ್ಲ. ಎಲ್ಲ ಹೆಂಡತಿಯ ಜೊತೆಗೇ. ಪಕ್ಕದ ಖಾಲಿ ಕುರ್ಚಿಯ ತುದಿಯಲ್ಲಿ ಕೂತು ಅವನ ಕಡೆಗೆ ತಿರುಗಿದಳು.

"ನೀವು ಗುರುವಾರವೇ ಕಳಿಸಿದ್ರಿ. ನಿಮ್ಮ ತಲೆ ಸರಿಯಾಗಿದೆ. ಸುಳ್ಳು ನಂದು. ನಿಮ್ಮ ತಪ್ಪು ಏನೂ ಇಲ್ಲ, ಒಂದು ಕೂದಲಿನಷ್ಟೂ ಇಲ್ಲ."

ಡ್ರೈವರ್ ಹೆಂಡತಿಯ ಕಡೆ ಎಡಗೈ ಚಾಚಿದ. ಹೆಂಡತಿ ಚೀಲದಿಂದ ಫೋನು ತೆಗೆದು ಕೊಟ್ಟಳು. ಬರೆದುಕೊಡಲಾ ಎಂದು ಕೇಳಲಿಲ್ಲ. ಅವನು ಫೋನನ್ನು ಮೊಣಕಾಲ ಮೇಲಿಟ್ಟು ಬರೆಯತೊಡಗಿದ. ಒಂದು ಅಕ್ಷರ. ಬೆರಳು ಸೆಟೆದು ನಿಂತಿತು. ಅವನು ಅದನ್ನು ಪ್ಯಾಂಟಿಗೆ ತಿಕ್ಕಿ ಸಡಿಲ ಮಾಡಿ ಇನ್ನೊಂದು ಅಕ್ಷರ ಬರೆದ. ವಿರಾಮ ಮುಗಿದು ಗಂಟೆ ಹೊಡೆಯಿತು, ಜನ ಬಂದು ಕೂತರು. ಅಲ್ಪವಿರಾಮ ವೇದಿಕೆಯಿಂದ ಇತ್ತ ನೋಡಿ ಮಾತು ಶುರುಮಾಡದೆ ಸುಮ್ಮನಿದ್ದರು. ಹದಿನೈದಪ್ಪ ಕೂಡ ಗಡಿಯಾರ ನೋಡಿಕೊಳ್ಳಲಿಲ್ಲ. ಅಧ್ಯಕ್ಷೆ ಕುರ್ಚಿಯ ತುದಿಯಲ್ಲೇ ಕೈಕಟ್ಟಿ ಕೂತಿದ್ದಳು. ಅವನು ಬೈಯಲಿ, ಉಗಿಯಲಿ, ಏನಾದರೂ ಬರೆಯಲಿ ಎಂದು ಕಾಯುತ್ತಿದ್ದಳು. ಒಳಗೊಳಗೆ, ಪರವಾಗಿಲ್ಲ ಎಂದು ಬರೆದಾನು ಅನ್ನುವ ಆಸೆಯೂ ಇತ್ತು. ಆ ಆಸೆಗೆ ಅವಳಿಗೇ ನಾಚಿಕೆಯಾಯಿತು.

ನಾಲ್ಕು ನಿಮಿಷ ಕಳೆದ ಮೇಲೆ ಅವನು ಫೋನನ್ನು ಅವಳ ಕೈಗೆ ಕೊಟ್ಟ. ಎರಡೇ ಸಾಲು ಇತ್ತು.

'ಗೊತ್ತಾಯಿತು. ಮೊದಲು ಮೂವತ್ತು ತೆಗೆಯಿರಿ.'

ಅಧ್ಯಕ್ಷೆ ಓದಿದಳು. ಕೆಳಗೆ ಇನ್ನೇನಾದರೂ ಇದೆಯೇನೋ ಎಂದು ಬೆರಳಿಂದ ಮೇಲಕ್ಕೆ ಸರಿಸಿ ನೋಡಿದಳು. ಇರಲಿಲ್ಲ.